ಬ್ಯಾಟರಿಯ ಬಾಕಿ ಹೊಂದಲಿಲ್ಲ

ರಾತ್ರಿ ಫ್ಯಾನು ನಿಂತರೆ ಮೊದಲು ಎಚ್ಚರವಾಗುವುದು ಮುದುಕರಿಗೆ. ಕಳೆದ ಏಪ್ರಿಲ್ ರಜೆಯಲ್ಲಿ ನನಗೂ ಹಾಗೇ ಆಯಿತು. ಗಡಿಯಾರ ನೋಡಿದೆ, ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಮನೆಯಲ್ಲಾಗಿದ್ದರೆ ಕರೆಂಟು ಹೋಯಿತು ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಆದರೆ ನಾವಿದ್ದದ್ದು ಮನೆಯಲ್ಲಲ್ಲ, ವ್ಯಾನಿನಲ್ಲಿ. ಹಿರಿಯೂರಿನ ಆಚೆ, ಮಾರಿಕಣಿವೆ ಅಣೆಕಟ್ಟಿನ ಕೆಳಗಿನ ಒಂದು ತೆಂಗಿನ ತೋಟದಲ್ಲಿ.

ವ್ಯಾನಿನ ಕಥೆ ಮೊದಲು ಹೇಳಿಬಿಡುತ್ತೇನೆ. ನನ್ನ ಅಳಿಯನಿಗೆ ಊರು ಸುತ್ತುವ ಹುಚ್ಚು. ಹೊರದೇಶಗಳಲ್ಲಿ ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಕಟ್ಟಿಕೊಂಡು ಎಳೆದೊಯ್ಯುತ್ತಾರಂತೆ. ನಮ್ಮ ಕಡೆ ಟ್ರೈಲರ್ ಎಂದರೆ ಟ್ರ್ಯಾಕ್ಟರಿನದು, ಅದರಲ್ಲಿ ಕೂರುವುದು ಈರುಳ್ಳಿ ಚೀಲ ಇಲ್ಲವೇ ಮದುವೆ ದಿಬ್ಬಣ. ಹಾಗಾಗಿ ಅವನು ಒಂದು ಹಳೆಯ ವ್ಯಾನು ಕೊಂಡು, ಸೀಟು ತೆಗೆಸಿ, ಆರ್‌ಟಿಓ ಕಾಗದಪತ್ರ ಸರಿಮಾಡಿಸಿಕೊಂಡು, ದೂರದೂರಿನ ಒಂದು ಶೆಡ್ಡಿನಲ್ಲಿ ಮಂಚ, ಎರಡು ಫ್ಯಾನು, ದೀಪ, ನೀರಿನ ಸಣ್ಣ ಪಂಪು, ಒಂದು ಪುಟಾಣಿ ಫ್ರಿಡ್ಜು ಹಾಕಿಸಿದ್ದ. ಮಾಡಿನ ಮೇಲೆ 100 ವ್ಯಾಟಿನ ಸೋಲಾರ್ ಹಲಗೆ ಕೂರಿಸಿದ್ದರು. ಇಂಜಿನ್ ಚಾಲೂ ಮಾಡುವ ಬ್ಯಾಟರಿ ಮುಂದೆ ಬೇರೆ, ಈ ಸಂಸಾರಕ್ಕೆಲ್ಲ ಹಿಂದೆ ಇನ್ನೊಂದು ದೊಡ್ಡ ಬ್ಯಾಟರಿ. ಎರಡರ ನಡುವೆ ಒಂದು ರಿಲೇ. ವ್ಯಾನು ಓಡುವಾಗ ಹಿಂದಿನದಕ್ಕೂ ಚಾರ್ಜು ಹೋಗಬೇಕು, ನಿಂತಾಗ ಎರಡೂ ಬೇರೆ ಬೇರೆ ಆಗಬೇಕು. ಹೀಗಿದ್ದುದರಿಂದಲೇ ಮರುದಿನ ಇಂಜಿನ್ನಾದರೂ ಚಾಲೂ ಆಯಿತೆನ್ನಿ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ದುರ್ಗ ಬಿಟ್ಟೆವು. ನಾನು, ನನ್ನಾಕೆ, ಮಗಳು, ಅಳಿಯ, ಏಳನೇ ಕ್ಲಾಸು ಮುಗಿಸಿದ್ದ ಮೊಮ್ಮಗ, ಅವನ ಪುಟ್ಟ ತಂಗಿ. ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದೆವು. ಅಷ್ಟು ದೊಡ್ಡ ಗಣಪತಿಗೆ ತಲೆಯ ಮೇಲೆ ಮಾಡೇ ಇಲ್ಲ ಎಂದು ಮೊಮ್ಮಗಳಿಗೆ ಬಹಳ ಬೇಸರವಾಯಿತು, ತನ್ನ ಕೊಡೆ ಕೊಟ್ಟು ಬರುತ್ತೇನೆಂದು ಹಟ ಹಿಡಿದಳು. ಅಲ್ಲಿಂದ ಹೊಸದುರ್ಗ. ಆ ಊರಿನ ಬ್ಯಾಂಕ್ ಶಾಖೆಯಲ್ಲಿ ನಾನು ಪ್ರಾಯದಲ್ಲಿ ಕೆಲಸ ಮಾಡಿದ್ದೆ. ಹಾಲುರಾಮೇಶ್ವರ ನೋಡಿಕೊಂಡು, ಹಳೆಯ ಗಿರಾಕಿಯೊಬ್ಬರ ಕಣದಲ್ಲಿ ಹುಣಸೆ ಮರದ ಕೆಳಗೆ ರಾತ್ರಿ ಕಳೆದೆವು. ಶನಿವಾರ ಹಿರಿಯೂರಿನ ತೇರುಮಲ್ಲೇಶ್ವರ, ಸಂಜೆಗೆ ಮಾರಿಕಣಿವೆ.

ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡ ಕಟ್ಟಿದ ಈ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದದ್ದು. ನಾವು ಚಿಕ್ಕವರಿದ್ದಾಗ ಇದು ಕೋಡಿ ಬಿದ್ದದ್ದನ್ನು ಅಜ್ಜಂದಿರ ಬಾಯಲ್ಲಿ ಕೇಳಿದ್ದೆವು ಅಷ್ಟೆ. 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 130 ಅಡಿ ತುಂಬಲು 89 ವರ್ಷ ಕಾಯಬೇಕಾಯಿತು. "ಅಷ್ಟು ವರ್ಷ ಯಾಕೆ ತುಂಬಲಿಲ್ಲ ಅಜ್ಜ?" ಎಂದು ಮೊಮ್ಮಗ ಕೇಳಿದ. "ಬರೋದು ಕಮ್ಮಿ, ಹೋಗೋದು ಜಾಸ್ತಿ" ಎಂದೆ. ಅದೇ ಮಾತು ಮರುದಿನ ನನಗೇ ತಿರುಗಿ ಬಂತು.

ಈಗ ಆ ರಾತ್ರಿಗೆ ಬರೋಣ. ಫ್ಯಾನು ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ಫ್ರಿಡ್ಜಿನ ಗುಂಯ್ ಸದ್ದು ನಿಂತಿತ್ತು. ಅದರೊಳಗೆ ಇದ್ದದ್ದು ಮಕ್ಕಳ ಐಸ್‌ಕ್ರೀಂ ಅಲ್ಲ, ನನ್ನಾಕೆಯ ಇನ್ಸುಲಿನ್. ಹನ್ನೆರಡು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ನಾನು ಟಾರ್ಚು ಹಾಕಿ ಬ್ಯಾಟರಿಯ ಪಕ್ಕದ ಪುಟ್ಟ ಮೀಟರು ನೋಡಿದೆ. 10.3 ವೋಲ್ಟ್. ಹನ್ನೆರಡು ವೋಲ್ಟಿನ ಬ್ಯಾಟರಿ ಎಂದರೆ ತುಂಬಿದಾಗ ಸುಮಾರು 12.6, ಅರ್ಧವಾದಾಗ 12.2ರ ಆಸುಪಾಸು. 10.3 ಎಂದರೆ ಖಜಾನೆ ಖಾಲಿ.

ಟಾರ್ಚಿನ ಬೆಳಕು ಸುತ್ತ ಆಡಿಸಿದಾಗ ಮೊಮ್ಮಗನ ತಲೆಯ ಹತ್ತಿರದ ಓದುವ ದೀಪದ ಸ್ವಿಚ್ಚು ಕಂಡಿತು. ಅದು ಆನ್ ಇತ್ತು. ಕಥೆ ಪುಸ್ತಕ ಅವನ ಎದೆಯ ಮೇಲೆ.

ನನಗೆ ತಡೆಯಲಾಗಲಿಲ್ಲ. ಎಬ್ಬಿಸಿದೆ. "ದೀಪ ಆರಿಸು ಅಂತ ಎಷ್ಟು ಸಲ ಹೇಳಿದೀನಿ? ಬೇಜವಾಬ್ದಾರಿ! ನಿನ್ನ ಕಥೆ ಪುಸ್ತಕಕ್ಕೋಸ್ಕರ ಅಜ್ಜಿ ಔಷಧಿ ಹಾಳಾಗಬೇಕೇನೋ?" ಎಂದು ಎಲ್ಲರಿಗೂ ಎಚ್ಚರವಾಗುವ ಹಾಗೆ ಗದರಿದೆ. ಹುಡುಗ ನಿದ್ದೆಗಣ್ಣಿನಲ್ಲಿ "ಇಲ್ಲ ಅಜ್ಜ, ನಾನು..." ಎಂದ. "ಸಾಕು, ಮುಚ್ಚು ಬಾಯಿ" ಎಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ. ನಿದ್ದೆ ಮಾಡಲಿಲ್ಲವೆಂದು ಉಸಿರಾಟದಲ್ಲೇ ಗೊತ್ತಾಗುತ್ತಿತ್ತು.

ನನ್ನಾಕೆ ಮಾತ್ರ ಗಾಬರಿಯಾಗಲಿಲ್ಲ. "ಸುಮ್ಮನಿರ್ರೀ, ಡಾಕ್ಟ್ರು ಹೇಳಿದ್ದು ಮರೆತ್ರಾ?" ಎಂದಳು. ಚುಚ್ಚಿಕೊಳ್ಳಲು ಶುರು ಮಾಡಿದ ಪೆನ್ನು 30 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಸುಮಾರು ನಾಲ್ಕು ವಾರ ಹೊರಗೇ ಇರಬಹುದು. ಫ್ರಿಡ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕಾದ್ದು ಇನ್ನೂ ಒಡೆಯದ ಪೆನ್ನುಗಳು. ರಾತ್ರಿಯೇನೋ ಪರವಾಗಿಲ್ಲ, ಏಪ್ರಿಲ್ಲಿನ ಹಿರಿಯೂರಿನ ಹಗಲು 30ಕ್ಕೆ ನಿಲ್ಲುತ್ತದೆಯೇ? ಬೆಳಕು ಹರಿಯುತ್ತಲೇ ಮಗಳು ತೋಟದವರಿಂದ ಒಂದು ಮಣ್ಣಿನ ಗಡಿಗೆ ತಂದಳು. ಪೆನ್ನುಗಳನ್ನು ಒಣ ಡಬ್ಬಿಯಲ್ಲಿ ಹಾಕಿ ಗಡಿಗೆಯೊಳಗಿಟ್ಟು, ಹೊರಗೆ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ಕಡೆ ಇಟ್ಟಳು. ಐಸು ತರಲೇ ಎಂದು ಅಳಿಯ ಕೇಳಿದ. ಐಸಿಗೆ ತಾಗಿ ಗಟ್ಟಿಯಾದರೆ ಇನ್ಸುಲಿನ್ ಕೆಟ್ಟೇ ಹೋಗುತ್ತದೆ, ಅದಕ್ಕಿಂತ ಗಡಿಗೆಯೇ ವಾಸಿ ಎಂದಳು ನನ್ನಾಕೆ. ನೀರು ಆರುವಾಗ ಗಡಿಗೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಬೇಸಿಗೆಯ ಕುಡಿಯುವ ನೀರು ತಣ್ಣಗಾಗುತ್ತಿದ್ದುದೂ ಹೀಗೆಯೇ.

ಮೊಮ್ಮಗ ಉಪ್ಪಿಟ್ಟು ಮುಟ್ಟಲಿಲ್ಲ.

ಹಿರಿಯೂರಿಗೆ ವಾಪಸು ಬಂದೆವು. ಭಾನುವಾರ. ಹೆದ್ದಾರಿ ಪಕ್ಕದಲ್ಲಿ ಅರ್ಧ ಬಾಗಿಲು ತೆರೆದಿದ್ದ ಒಂದು ಎಲೆಕ್ಟ್ರಿಷಿಯನ್ ಅಂಗಡಿ ಸಿಕ್ಕಿತು. ಸುಮಾರು ಐವತ್ತರ ಮೇಸ್ತ್ರಿ, ಬಾಯಲ್ಲಿ ಎಲೆಅಡಿಕೆ. ಅಳಿಯ "ಬ್ಯಾಟರಿ ಹೋಗಿದೆ ಅನ್ಸುತ್ತೆ, ಹೊಸದು ಹಾಕಿಬಿಡಿ" ಎಂದ. ಮೇಸ್ತ್ರಿ ಎಲೆಅಡಿಕೆ ಉಗುಳಿ ಬಂದು, "ಹೊಸದು ಮಾರಿದ್ರೆ ನನಗೇ ಲಾಭ ಸಾರ್. ಆದ್ರೆ ಹೊಸದೂ ಎರಡು ದಿನಕ್ಕೆ ಹಿಂಗೇ ಆದ್ರೆ ನೀವು ನನ್ನನ್ನ ಬೈತೀರಿ. ಮೊದಲು ನೋಡೋಣ" ಎಂದ. ನನಗೆ ಆ ಕ್ಷಣಕ್ಕೇ ಅವನ ಮೇಲೆ ಗೌರವ ಬಂತು. ನಾನು ಬಗ್ಗಿ ನೋಡಲು ಹೋದಾಗ, "ಯಜಮಾನ್ರೇ, ಉಂಗುರ ತೆಗೀರಿ. ಚಿನ್ನ ಎರಡು ತುದಿಗೂ ತಾಗಿದ್ರೆ ಬೆರಳೇ ಸುಟ್ಟೋಗ್ತದೆ" ಎಂದ. ಬೀಡಿ ಹಚ್ಚಿಕೊಂಡು ಹತ್ತಿರ ಬಂದ ಒಬ್ಬನನ್ನು ದೂರ ಕಳಿಸಿದ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಮಕ್ಕಳೇ, ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿಯೂ ಇದೇ ಜಾತಿಯದು. ಅದಕ್ಕೆ ನೀರು ಹಾಕುವುದು, ನಟ್ಟು ಬಿಚ್ಚುವುದು ದೊಡ್ಡವರ ಕೆಲಸ.

ಮೇಸ್ತ್ರಿ ಮೀಟರಿನ ಎರಡು ಕಡ್ಡಿ ಹಿಡಿದು ಮುಂದಿನ ಬ್ಯಾಟರಿ ನೋಡಿದ, ಸರಿಯಾಗಿತ್ತು. ಇಂಜಿನ್ ಚಾಲೂ ಮಾಡಿಸಿದ. ಮುಂದೆ 14.2 ವೋಲ್ಟ್ ತೋರಿಸಿತು. ಅದೇ ಹೊತ್ತಿನಲ್ಲಿ ಹಿಂದಿನ ಬ್ಯಾಟರಿಯಲ್ಲಿ 12.9. ನನ್ನ ಕಡೆ ತಿರುಗಿ, "ಅಲ್ಲಿ ಹೊರಟಿದ್ದು ಇಲ್ಲಿಗೆ ಬಂದಿಲ್ಲ ನೋಡಿ" ಎಂದ. ಬ್ಯಾಂಕಿನವನಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿಲ್ಲ. ಹೆಡ್ ಆಫೀಸಿನಿಂದ 14 ಹೊರಟಿದೆ, ಶಾಖೆಗೆ 13 ಮುಟ್ಟಿಲ್ಲ. ದಾರಿಯಲ್ಲಿ ತಿಂದವರು ಯಾರು? ನೆಲದ ಹಾಸು ಎಬ್ಬಿಸಿ ವಯರು ಎಳೆದು ತೋರಿಸಿದ. ಮನೆಯ ಬಲ್ಬಿಗೆ ಎಳೆಯುವಂಥ ಸಣ್ಣ ವಯರು! ಒಂದು ಜಾಯಿಂಟು ಸಡಿಲವಾಗಿ ಸುತ್ತ ಕರಕಲಾಗಿತ್ತು. ವಯರು ಸಣ್ಣದಾದಷ್ಟೂ, ಉದ್ದವಾದಷ್ಟೂ ವೋಲ್ಟೇಜು ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಇಕ್ಕಳದಂಥ ಇನ್ನೊಂದು ಮೀಟರನ್ನು ವಯರಿಗೆ ಸಿಕ್ಕಿಸಿದ. 8 ಆಂಪಿಯರ್. "ಇಪ್ಪತ್ತಾದ್ರೂ ಹೋಗ್ಬೇಕಿತ್ತು. ಆ ಜಾಯಿಂಟು ಇನ್ನೂ ನಾಕು ದಿನ ಬಿಟ್ಟಿದ್ರೆ ಬೆಂಕಿ ಹಿಡೀತಿತ್ತು" ಎಂದು ಅಳಿಯನ ಮುಖ ನೋಡಿದ. ಅಳಿಯ ನೆಲ ನೋಡಿದ.

ಆಮೇಲೆ ಮಾಡಿದ್ದು ನನಗೆ ಬಹಳ ಹಿಡಿಸಿತು. ವ್ಯಾನಿನ ದೀಪ, ಫ್ಯಾನು, ಫ್ರಿಡ್ಜು ಎಲ್ಲವನ್ನೂ ಆರಿಸಿಸಿದ. ಹಿಂದಿನ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ, ಆ ಬಿಚ್ಚಿದ ಜಾಗದ ನಡುವೆ ಮೀಟರು ಸೇರಿಸಿದ, ಹರಿಯುವುದೆಲ್ಲ ಅದರ ಮೂಲಕವೇ ಹರಿಯುವಂತೆ. ಎಲ್ಲ ಬಂದ್ ಆಗಿರುವಾಗ ಸೊನ್ನೆಯ ಹತ್ತಿರ ಬರಬೇಕು. ಬಂದದ್ದು 1.1 ಆಂಪಿಯರ್. ಯಾರೋ ಗುಟ್ಟಾಗಿ ಕುಡಿಯುತ್ತಿದ್ದಾರೆ! ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ದೀಪದ್ದು ಕಿತ್ತರೂ 1.1. ಫ್ಯಾನಿನದು, ಪಂಪಿನದು, 1.1. ನಾಲ್ಕನೆಯದು ಕಿತ್ತ ಕೂಡಲೇ ಸೊನ್ನೆ. ಅದು ಇನ್ವರ್ಟರಿನದು. ಲ್ಯಾಪ್‌ಟಾಪಿಗೆಂದು ಅಳಿಯ ಹಾಕಿಸಿಕೊಂಡದ್ದು, ಅದರ ಸ್ವಿಚ್ಚು ಫ್ರಿಡ್ಜಿನ ಹಿಂದೆ. ಬುಧವಾರ ಪರೀಕ್ಷೆಗೆಂದು ಒತ್ತಿದವನು ಮರೆತಿದ್ದ. ಏನನ್ನೂ ನಡೆಸದಿದ್ದರೂ ಇನ್ವರ್ಟರು ಎಚ್ಚರವಾಗಿ ಕೂತಿರುತ್ತದೆ, ಕೂತದ್ದಕ್ಕೂ ಕೂಲಿ ಪಡೆಯುತ್ತದೆ.

ಇಷ್ಟು ಹೊತ್ತು ಮೊಮ್ಮಗ ಹಳೆಯ ಟೈರಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದ. ನನ್ನ ಹತ್ತಿರ ಬರದೆ ಮೇಸ್ತ್ರಿಯನ್ನೇ ಕೇಳಿದ್ದ, "ಅಂಕಲ್, ದೀಪ ಎಷ್ಟು ತಿನ್ನುತ್ತೆ?" ಅವನು, "ದೀಪ 5 ವ್ಯಾಟು. ವ್ಯಾಟನ್ನ ವೋಲ್ಟಿಂದ ಭಾಗಿಸು ಮರಿ, ಆಂಪಿಯರ್ ಬರ್ತದೆ. ಗಂಟೆಯಿಂದ ಗುಣಿಸು" ಎಂದು ಹೇಳಿಕೊಟ್ಟಿದ್ದ. ಈಗ ಹುಡುಗ ಎದ್ದು ಬಂದು ನೋಟ್‌ಬುಕ್ಕು ನನ್ನ ಮುಂದೆ ಹಿಡಿದ.

"ಅಜ್ಜ, 5 ಭಾಗಿಸು 12, ಸುಮಾರು 0.4. ನಾನು ಓದಿದ್ದು ಎರಡು ಗಂಟೆ. ಇರಲಿ, ಇಡೀ ರಾತ್ರಿ ಎಂಟು ಗಂಟೆ ಅಂತಲೇ ಇಟ್ಕೊಳ್ಳಿ. 3.2. ಬ್ಯಾಟರಿ ಮೇಲೆ 150 ಅಂತ ಬರೆದಿದೆ. 150 ನಾನು ಹೇಗೆ ಖಾಲಿ ಮಾಡಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಚುಚ್ಚಿತು.

ಮಕ್ಕಳೇ, ಇಲ್ಲಿ ನನ್ನದೊಂದು ಹಳೆಯ ಕಥೆ ಹೇಳಬೇಕು. 1981ರಲ್ಲಿ ಹೊಸದುರ್ಗದಲ್ಲಿ ನಾನು ಕ್ಯಾಷ್ ಕೌಂಟರಿನಲ್ಲಿದ್ದೆ. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಸಂಜೆ ಎಣಿಸಿದರೆ 270 ರೂಪಾಯಿ ಕಡಿಮೆ. ಮೂರು ಸಲ ಎಣಿಸಿದೆ. ನಮ್ಮ ಮ್ಯಾನೇಜರು ಎಲ್ಲರೆದುರು, "ಕೌಂಟರಿನಲ್ಲಿದ್ದವನು ನೀನು. ದುಡ್ಡಿಗೆ ಕಾಲು ಬರುತ್ತದೇನಯ್ಯ?" ಎಂದರು. ಅವತ್ತಿನ 270 ರೂಪಾಯಿ ಇವತ್ತಿನದಲ್ಲ. ಆದರೆ ಹಣಕ್ಕಿಂತ, ಜವಾನನ ಎದುರು, ಗಿರಾಕಿಗಳ ಎದುರು ಹಾಗೆ ಕೇಳಿಸಿಕೊಂಡದ್ದು. ಬೇರೆಯವರು ಮನೆಗೆ ಹೋದರು. ಒಬ್ಬ ಹಿರಿಯ ಗುಮಾಸ್ತರು ಮಾತ್ರ ಕೋಟು ಮತ್ತೆ ಗೂಟಕ್ಕೆ ಹಾಕಿ ನನ್ನ ಪಕ್ಕ ಕೂತು, "270ನ್ನು 9ರಿಂದ ಭಾಗಿಸು" ಎಂದರು. 30, ಶೇಷವಿಲ್ಲ. "ಹಾಗಾದರೆ ಅಂಕಿ ತಿರುಗುಮುರುಗಾಗಿರಬೇಕು. ವೋಚರ್ ತೆಗಿ." ಎರಡು ಅಂಕಿ ಜಾಗ ಬದಲಾಯಿಸಿಕೊಂಡರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 73ರಲ್ಲಿ 37 ಕಳೆದು ನೋಡಿ, 81ರಲ್ಲಿ 18 ಕಳೆದು ನೋಡಿ. ರಾತ್ರಿ ಒಂಬತ್ತಕ್ಕೆ ಸಿಕ್ಕಿತು. ಗಿರಾಕಿ ಕಟ್ಟಿದ್ದು 250, ವೋಚರಿನಲ್ಲೂ 250, ಪುಸ್ತಕಕ್ಕೆ ಇಳಿಸುವಾಗ 520 ಎಂದು ಬರೆದಿತ್ತು. ಬರೆದದ್ದು ನನ್ನ ಕೈಯೂ ಅಲ್ಲ. ಮರುದಿನ ಮ್ಯಾನೇಜರು ಪುಸ್ತಕ ನೋಡಿ "ಹ್ಞೂ" ಎಂದರು. ಅಷ್ಟೇ. ಆ "ಹ್ಞೂ" ಇಷ್ಟು ವರ್ಷವಾದರೂ ನನ್ನ ಕಿವಿಯಲ್ಲಿದೆ.

ಟೈರಿನ ಹತ್ತಿರ ಹೋಗಿ ನಿಂತು, "ತಪ್ಪು ನನ್ನದು ಕಣೋ. ಲೆಕ್ಕ ನೋಡದೆ ಬೈದೆ" ಎಂದೆ. ಎಲ್ಲರೆದುರು ಬೈದದ್ದರಿಂದ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹಾಗಾದ್ರೆ ಪೂರ್ತಿ ಲೆಕ್ಕ ಹಾಕೋಣ್ವಾ?" ಎಂದ.

ಮೇಸ್ತ್ರಿ ದಪ್ಪ ಕೇಬಲ್ ತರಲು ಹೋದ. ನಾವಿಬ್ಬರೂ ಎದುರಿನ ಹೋಟೆಲಿನಲ್ಲಿ ಕೂತೆವು. ಅವನಿಗೆ ಎರಡು ದೋಸೆ. ನೋಟ್‌ಬುಕ್ಕಿನ ನಡುವೆ ಗೀಟು ಹಾಕಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಬುಧವಾರ ಸಂಜೆ ಮನೆಯ ಕರೆಂಟಿನಿಂದ ಚಾರ್ಜು ಮಾಡಿ ತೆಗೆದಾಗ ತುಂಬಿದ ಬ್ಯಾಟರಿ, 150 ಆಂಪಿಯರ್-ಅವರ್. (ಆ ಚಾರ್ಜರನ್ನು ಅಳಿಯ ಮನೆಯಲ್ಲೇ ಬಿಟ್ಟು ಬಂದಿದ್ದ, ಅದು ಬೇರೆ ಮಾತು.) ಶುಕ್ರವಾರ ಬೆಳಿಗ್ಗೆವರೆಗೆ 36 ಗಂಟೆ ಇನ್ವರ್ಟರು ಸುಮ್ಮನೆ ಕೂತು ತಿಂದದ್ದು 40. ಅಂದರೆ ಹೊರಡುವಾಗಲೇ ಓಪನಿಂಗ್ ಬ್ಯಾಲೆನ್ಸು 110.

ದಿನದ ಖರ್ಚು: ಫ್ರಿಡ್ಜು ಆಗಾಗ ನಿಂತು ಓಡಿದರೂ ಸರಾಸರಿ ಗಂಟೆಗೆ 2, ದಿನಕ್ಕೆ 48. ಎರಡು ಫ್ಯಾನು ಎಂಟು ಗಂಟೆ, 24. ಇನ್ವರ್ಟರು 26. ಪಂಪು, ಮೊಬೈಲು 4. ದೀಪ 3. ಒಟ್ಟು 105. ಜಮಾ ಏನು? ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಲ್ಲ ಹತ್ತಿರದ ಊರುಗಳು. ದಿನಕ್ಕೆ ಗಾಡಿ ಓಡಿದ್ದು ಮೂರು ಗಂಟೆ. ಗಂಟೆಗೆ 8ರಂತೆ 24. ಸೋಲಾರು ಬಯಲು ಬಿಸಿಲಿನಲ್ಲಿ ದಿನಕ್ಕೆ 25 ಕೊಡಬೇಕಾದ್ದು. ಆದರೆ ಅಜ್ಜಿಗೆ ತಂಪಾಗಲೆಂದು ಒಂದು ದಿನ ಹುಣಸೆ ಮರದ ಕೆಳಗೆ, ಇನ್ನೊಂದು ದಿನ ತೆಂಗಿನ ನೆರಳಿನಲ್ಲಿ ನಿಲ್ಲಿಸಿದ್ದೆವು. ಹಲಗೆಯ ಮೂಲೆಗೆ ನೆರಳು ಬಿದ್ದರೂ ಅದರ ಗಳಿಕೆ ತುಂಬಾ ಇಳಿಯುತ್ತದೆ, ಮೇಲಾಗಿ ದುರ್ಗದ ಧೂಳು ಬೇರೆ. 5 ಎಂದು ಹಿಡಿದೆವು. ಜಮಾ 29.

ಶನಿವಾರ ಬೆಳಿಗ್ಗೆ ಉಳಿದದ್ದು 34. ಅಂದಿನ 29 ಸೇರಿ 63. ಶನಿವಾರ ರಾತ್ರಿ ಹನ್ನೆರಡರವರೆಗೆ ಖರ್ಚು ಲೆಕ್ಕ ಹಾಕಿದ, 70 ಬಂತು. ಮೊಮ್ಮಗ ಪೆನ್ಸಿಲು ಕೆಳಗಿಟ್ಟ. "ಅಜ್ಜ, ಹನ್ನೆರಡಕ್ಕೆ ಮುಂಚೆಯೇ ಖಾಲಿ! ನಿಮಗೆ ಎಚ್ಚರ ಆಗಿದ್ದೂ ಆಗಲೇ ಅಲ್ವಾ?"

ನಾನು ಬ್ಯಾಂಕಿನಲ್ಲಿ ಎಷ್ಟೋ ಸಾವಿರ ಸಂಜೆ ಬಾಕಿ ಹೊಂದಿಸಿದ್ದೇನೆ. ಅವತ್ತು ದೋಸೆ ಹೋಟೆಲಿನಲ್ಲಿ ಹೊಂದಿದಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಮೇಜಿನ ಮೇಲೆ ಚಟ್ನಿ ಚೆಲ್ಲಿತು.

ದಪ್ಪ ಕೇಬಲ್ ಹಾಕಿ, ಎರಡೂ ಬ್ಯಾಟರಿಯ ಬುಡದಲ್ಲಿ ಫ್ಯೂಸು ಕೂರಿಸಿದಾಗ ಹಿಂದಿನ ಬ್ಯಾಟರಿಗೆ 20 ಆಂಪಿಯರ್ ಹೋಗತೊಡಗಿತು. ಮೂರು ಗಂಟೆ ಓಡಿದರೆ 60, ಬಿಸಿಲಲ್ಲಿ ನಿಲ್ಲಿಸಿದರೆ ಸೋಲಾರಿನ 25, ಒಟ್ಟು 85. ಇನ್ವರ್ಟರ್ ಆರಿಸಿದರೆ ಖರ್ಚು 79. "ಆರು ಉಳೀತದೆ" ಎಂದ ಹುಡುಗ. ಮೇಸ್ತ್ರಿ ನಕ್ಕ. "ಕೊಟ್ಟಷ್ಟನ್ನೂ ಬ್ಯಾಟರಿ ವಾಪಸ್ ಕೊಡಲ್ಲ ಮರಿ, ಅದೂ ಸ್ವಲ್ಪ ಇಟ್ಕೊಳ್ತದೆ. ಸರಿಸಮ ಅನ್ನು. ಮತ್ತೆ ಪೂರ್ತಿ ಖಾಲಿ ಮಾಡಬೇಡಿ, ಅರ್ಧಕ್ಕೆ ಬಂದಾಗಲೇ ತುಂಬಿಸಿ. ಹಿಂಗೆ ನಾಕು ಸಲ ತಳ ಕಂಡ್ರೆ ಇದರ ಆಯಸ್ಸು ಮುಗೀತು." ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ 1859ರಲ್ಲಿ ಸೀಸ ಮತ್ತು ಗಂಧಕಾಮ್ಲದಿಂದ ಮಾಡಿದ ಬ್ಯಾಟರಿಯೇ ಇವತ್ತಿಗೂ ಮೂಲದಲ್ಲಿ ಇದು. ಅಷ್ಟು ಹಳೆಯದಾದರೂ ಬರಿದು ಮಾಡಿ ಬಿಡುವುದನ್ನು ಅದು ಇನ್ನೂ ಸಹಿಸುವುದಿಲ್ಲ. ಖಾಲಿಯಾಗಿ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಬಿಳಿಯ ಗಟ್ಟಿ ಪೊರೆ ಕಟ್ಟುತ್ತದೆ.

ನನ್ನಾಕೆಯ ಪೆನ್ನುಗಳು ಗಡಿಗೆಯಲ್ಲಿ ತಣ್ಣಗಿದ್ದವು. ದುರ್ಗಕ್ಕೆ ಬಂದ ಮೇಲೆ ಡಾಕ್ಟರಿಗೆ ತೋರಿಸಿ, ಅವರು ಆಗಬಹುದು ಎಂದ ಮೇಲೆಯೇ ಬಳಸಿದಳು. ಮೇಸ್ತ್ರಿ ಹೊಸ ಬ್ಯಾಟರಿ ಮಾರಲಿಲ್ಲ. ಕೇಬಲಿನದು, ಫ್ಯೂಸಿನದು, ಕೂಲಿಯದು ಅಷ್ಟೇ ತೆಗೆದುಕೊಂಡ. ಹುಡುಗನಿಗೆ ಒಂದು ಸುಟ್ಟ ಫ್ಯೂಸು ಬಳುವಳಿ ಕೊಟ್ಟ.

ಸಂಜೆ ಹೆದ್ದಾರಿಯಲ್ಲಿ ದುರ್ಗದ ಕಡೆ ಬರುವಾಗ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. "ಅವು ಜಮಾ ಕಡೆ" ಎಂದಳು ಪುಟ್ಟಿ. ಅಣ್ಣನ ನೋಟ್‌ಬುಕ್ಕು ಅವಳೂ ನೋಡಿದ್ದಳು.

ಮೊಮ್ಮಗ ಆ ಪುಟ ತೆಗೆದು ನನ್ನ ತೊಡೆಯ ಮೇಲಿಟ್ಟ. ಖರ್ಚಿನ ಕಡೆ, ದೀಪದ ಸಾಲಿನ ಕೆಳಗೆ, ಅವನು ಬೆಳಿಗ್ಗೆಯೇ ಸಣ್ಣ ಅಕ್ಷರದಲ್ಲಿ ಬರೆದಿದ್ದ: "ಅಜ್ಜ ಬೈದದ್ದು, 150." ಬ್ಯಾಂಕಿನಲ್ಲಿ ತಪ್ಪು ಬರೆದರೆ ಅಳಿಸುವುದಿಲ್ಲ, ಗೀಟು ಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡುತ್ತಾರೆ ಎಂದು ಹೋಟೆಲಿನಲ್ಲಿ ನಾನೇ ಹೇಳಿಕೊಟ್ಟಿದ್ದೆ. "ಕೆಂಪು ಪೆನ್ನಿದೆಯಾ ಅಜ್ಜ?" ಎಂದ. ಇತ್ತು, ಜೇಬಿನಲ್ಲಿ ಇವತ್ತಿಗೂ ಇರುತ್ತದೆ. ವ್ಯಾನು ಕುಲುಕುತ್ತಿದ್ದುದರಿಂದ ಗೀಟು ಸೊಟ್ಟ ಬಂತು. ಪಕ್ಕದಲ್ಲಿ ಸಹಿ ಹಾಕಿದೆ. ಅವನು ಬೆಳಕಿಗೆ ಹಿಡಿದು ನೋಡಿ, "ತಾರೀಖು ಹಾಕಿಲ್ಲ" ಎಂದ. ಅದನ್ನೂ ಹಾಕಿದೆ.